ಜರ್ಸಿಯ ಮೇಲಿನ ಮುಖ

ಈ ಕಥೆಯಲ್ಲಿ ಒಬ್ಬ ಹೆಂಗಸಿನ ಹೆಸರು ಬರುವುದಿಲ್ಲ. ಹೆಸರಿಲ್ಲದವರೇನಲ್ಲ, ಚೆಂದದ ಹೆಸರೇ ಇತ್ತು. ಅದನ್ನು ಯಾಕೆ ಹೇಳುವಂತಿಲ್ಲ ಎನ್ನುವುದೇ ಕಥೆಯಾದ್ದರಿಂದ, ಚಂದ್ರಪ್ರಭಾ ಕರೆಯುತ್ತಿದ್ದ ಹಾಗೆ ನಾವೂ ಅವರನ್ನು ಆಂಟಿ ಎಂದೇ ಕರೆಯೋಣ. ಸಿಡ್ನಿಯ ನಮ್ಮ ಜನಕ್ಕೆ ಆಂಟಿ ಅನ್ನುವುದು ಬಲು ಅಗ್ಗದ ಮಾತು. ಅಂಗಡಿಯಲ್ಲಿ ಪಕ್ಕಕ್ಕೆ ನಿಂತು ಕೊತ್ತಂಬರಿ ಸೊಪ್ಪು ಆರಿಸುವವರೂ ಆಂಟಿ, ಸತ್ಯನಾರಾಯಣ ಪೂಜೆಗೆ ಕರೆದು ಸಜ್ಜಿಗೆ ಕೊಟ್ಟವರೂ ಆಂಟಿ. ಆದರೆ ಆ ನೆಲದ ಮೂಲ ಜನರಲ್ಲಿ ಆ ಮಾತಿಗೆ ತೂಕವಿದೆ. ಕೂದಲು ನರೆತ ಮಾತ್ರಕ್ಕೆ ಅಲ್ಲಿ ಯಾರೂ ಆಂಟಿ ಆಗುವುದಿಲ್ಲ, ಜನ ಒಪ್ಪಿ ಕರೆಯಬೇಕು. ಸಿಡ್ನಿಯ ಟೂಂಗಾಬಿ ಬಡಾವಣೆಯಲ್ಲಿ ಚಂದ್ರಪ್ರಭಾಳ ಹಿತ್ತಲ ಬೇಲಿಯಾಚೆಗೆ ಇದ್ದ ಆಂಟಿ ಹಾಗೆ ಜನ ಒಪ್ಪಿ ಕರೆದವರು.

ಚಂದ್ರಪ್ರಭಾ ತಿಪಟೂರಿನವಳು. ಅವಳಪ್ಪ ಶ್ರೀಕಂಠಯ್ಯ ಅಲ್ಲಿನ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು, ಊರಿನ ಹೆಣ್ಣುಮಕ್ಕಳಿಗೆಲ್ಲ ಥ್ರೋಬಾಲ್ ಹುಚ್ಚು ಹಿಡಿಸಿದವರು. ಮಗಳು ಓದುವುದಕ್ಕೆಂದು ಸಿಡ್ನಿಗೆ ಬಂದು, ಅಲ್ಲೇ ಕಾಯಂ ನೆಲೆಸಲು ಪಿಆರ್ ಮಾಡಿಕೊಂಡು, ಮಂಡ್ಯ ಕಡೆಯ ಸಂಪತ್‌ನನ್ನು ಮದುವೆಯಾಗಿ, ಮಾರ್ಟ್‌ಗೇಜಿನ ನೊಗಕ್ಕೆ ಹೆಗಲು ಕೊಟ್ಟ ಮೇಲೂ ಅಪ್ಪ ಕಲಿಸಿದ ಆಟವನ್ನು ಬಿಡಲಿಲ್ಲ. ವಾರವೆಲ್ಲ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ. ಶನಿವಾರ ಬಂತೆಂದರೆ ಸುತ್ತಲಿನ ಸಬರ್ಬ್‌ಗಳ ಕನ್ನಡದ ಹೆಂಗಸರನ್ನೆಲ್ಲ ಒಟ್ಟು ಹಾಕಿಕೊಂಡು ಹತ್ತಿರದ ಮೈದಾನದಲ್ಲಿ ನೆಟ್ಟು ಕಟ್ಟುತ್ತಿದ್ದಳು.

ತಂಡಕ್ಕೆ ಹೆಸರಿಡುವಾಗ ಮೊದಲ ಜಗಳವಾಯಿತು. ಗಂಡಭೇರುಂಡವನ್ನು ಕ್ರಿಕೆಟ್ ಆಡುವ ಗಂಡಸರು ಆಗಲೇ ತಮ್ಮತಮ್ಮಲ್ಲೇ ಹಂಚಿಕೊಂಡಿದ್ದರು. ಉಪನಾಯಕಿ ನಿವೇದಿತಾ, ಮೈಸೂರಿನವಳು, ಮಾತಿನಲ್ಲಿ ಮುಂದು, ಕೆಲಸದಲ್ಲೂ ಮುಂದು, ನಾವಿರುವುದು ಆಸ್ಟ್ರೇಲಿಯಾ ಅಂದಮೇಲೆ ಇಲ್ಲಿಯದೇ ಏನಾದರೂ ಇರಲಿ ಎಂದಳು. ಮೂರನೇ ದಿನಕ್ಕೆ ಜರ್ಸಿ ಬಂದೇ ಬಂತು. ಎದೆಯ ಮೇಲೆ ಈಟಿ ಹಿಡಿದ ಒಬ್ಬ ಕಪ್ಪು ಮನುಷ್ಯ, ಮೈತುಂಬ ಬಿಳಿ ಚುಕ್ಕಿ, ಕೈಯಲ್ಲಿ ಗುರಾಣಿ, ಹಿಂದೆ ಬೂಮರಾಂಗ್. ಕೆಳಗೆ 'ಟೂಂಗಾಬಿ ವಾರಿಯರ್ಸ್' ಎಂದು ಬರೆದಿತ್ತು. ಯಾರನ್ನಾದರೂ ಒಂದು ಮಾತು ಕೇಳಬೇಕಿತ್ತೇನೋ ಎಂದು ಯಾರಿಗೂ ಅನ್ನಿಸಲಿಲ್ಲ. ಗೂಗಲ್ಲಿನಲ್ಲಿ ಸಿಕ್ಕಿದ್ದೆಲ್ಲ ದಾರಿಯಲ್ಲಿ ಬಿದ್ದ ಮಾವಿನಹಣ್ಣು ಎನ್ನುವುದು ನಮ್ಮವರ ನಂಬಿಕೆ.

ಆ ಜರ್ಸಿಯನ್ನು ಒಗೆದು ಒಣಹಾಕಿದ ದಿನ ಆಂಟಿ ಬೇಲಿಯಾಚೆಯಿಂದ ಅದನ್ನೇ ನೋಡುತ್ತ ನಿಂತಿದ್ದರು. ಯಾರಿವನು ಎಂದು ಕೇಳಿದರು. ನಿಮ್ಮವರೇ ಯಾರೋ ಇರಬೇಕು ಎಂದು ಚಂದ್ರಪ್ರಭಾ ತಡವರಿಸಿದಳು. ಆಂಟಿ ಸಿಟ್ಟಾಗಲಿಲ್ಲ, ಬೇಲಿಗೆ ಮೊಣಕೈ ಊರಿ ಒಂದೊಂದಾಗಿ ಬಿಡಿಸಿ ಹೇಳಿದರು. ಈ ಚುಕ್ಕಿಗಳು ಬಹುದೂರದ ಮರುಭೂಮಿ ಕಡೆಯ ಜನರದು, ಗುರಾಣಿ ಇನ್ನೆಲ್ಲಿಯದೋ, ಮುಖವಂತೂ ಯಾರದೂ ಅಲ್ಲ. ಅವರ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಅವರು ಕೊನೆಗೆ ಹೇಳಿದ್ದು ಇಷ್ಟು: "ಇವನು ಯಾರೂ ಅಲ್ಲ ಕಣಮ್ಮ. ಯಾರೂ ಅಲ್ಲದವನನ್ನ ಎದೆ ಮೇಲೆ ಹಾಕ್ಕೊಂಡು ಏನು ಆಟ ಆಡ್ತೀರಿ?"

ಯಕ್ಷಗಾನದ ಕಿರೀಟದ ಕೆಳಗೆ ಪಂಜಾಬಿ ಮೀಸೆ ಅಂಟಿಸಿ ಯಾರಾದರೂ ಇದೇ ಕರ್ನಾಟಕ ಎಂದಿದ್ದರೆ ತನಗೆ ಹೇಗಾಗುತ್ತಿತ್ತು ಎಂದು ಚಂದ್ರಪ್ರಭಾ ಯೋಚಿಸಿದಳು. ನಾಚಿಕೆಯಾಯಿತು. ತಂಡದೊಂದಿಗೆ ಜಗಳವಾಡಿ, ನಿವೇದಿತಾಳ ಮುನಿಸನ್ನೂ ಕಟ್ಟಿಕೊಂಡು, ಆ ಮನುಷ್ಯನನ್ನು ಎದೆಯಿಂದ ಇಳಿಸಿದಳು.

ಅದು ಆಂಟಿಗೆ ಹಿಡಿಸಿತು. ಒಂದು ಭಾನುವಾರ ಅವರೇ ಒಂದು ಹಕ್ಕಿ ಬರೆದು ತಂದರು. ಇವರು ಆಡುವ ಮೈದಾನದ ನಡುವೆಯೇ ಮೊಟ್ಟೆಯಿಟ್ಟು, ಹತ್ತಿರ ಸುಳಿದವರ ತಲೆಗೆ ಎರಗಿ ಬಂದು ಕಿರುಚಾಡುವ ಹಳದಿ ಮೂತಿಯ ಹಕ್ಕಿ ಅದು, ನಮ್ಮ ಕಡೆಯ ಟಿಟ್ಟಿಭದ ದಾಯಾದಿ. ಅದರ ಕಾಟಕ್ಕೆ ಹೆದರಿ ಇವರು ಆಗಲೇ ಎರಡು ಸಲ ನೆಟ್ಟನ್ನು ಬೇರೆ ಮೂಲೆಗೆ ಸಾಗಿಸಿದ್ದರು. ನಾಲ್ಕೇ ಗೆರೆಯಲ್ಲಿ ಆಂಟಿ ಅದರ ಸೊಕ್ಕನ್ನೆಲ್ಲ ಹಿಡಿದಿದ್ದರು. ಕೊಡುವಾಗ ಎರಡು ಮಾತು ಹೇಳಿದರು. ನಮ್ಮ ಮನೆತನಕ್ಕೆಂದೇ ಇರುವ ಹಕ್ಕಿ ಬೇರೆ, ಅದನ್ನು ಕೊಡುವ ಹಾಗಿಲ್ಲ, ಕೇಳಬೇಡ. ಇದನ್ನು ಕೊಡುತ್ತೇನೆ, ನಾನಿರುವ ತನಕ ನನ್ನ ಮಾತು ಸಾಕು, ಆಮೇಲೆ ಏನೇ ಮಾಡುವುದಿದ್ದರೂ ನನ್ನ ಮಗಳನ್ನು ಕೇಳು. ಮಗಳು ಶಾರ್ಲೀನ್ ಮೆಲ್ಬರ್ನಿನ ವಿಂಡಮ್ ವೇಲಿನಲ್ಲಿ ನರ್ಸು. ತಂಡ 'ಟೂಂಗಾಬಿ ಟಿಟ್ಟಿಭ' ಆಯಿತು. ಹೊಸ ಜರ್ಸಿಗೆ ಆಯುಧಪೂಜೆಯ ದಿನ ಕುಂಕುಮವಿಟ್ಟರು, ಆಂಟಿಗೂ ಇಟ್ಟರು. ಆಂಟಿ ಕುಂಕುಮವನ್ನು ಸಂಜೆಯ ತನಕ ಒರೆಸಿಕೊಳ್ಳಲಿಲ್ಲ.

ಆದರೆ ಅವರಿಬ್ಬರ ನಂಟು ಗಟ್ಟಿಯಾದದ್ದು ಹಕ್ಕಿಯಿಂದಲ್ಲ. ಕೊರೊನಾದ ವರ್ಷ ಶ್ರೀಕಂಠಯ್ಯ ತೀರಿಕೊಂಡರು. ಗಡಿ ಮುಚ್ಚಿತ್ತು, ವಿಮಾನವಿರಲಿಲ್ಲ. ಅಪ್ಪನ ಮಣ್ಣನ್ನು ಚಂದ್ರಪ್ರಭಾ ಫೋನಿನಲ್ಲಿ ನೋಡಿದಳು, ಅದೂ ನಡುವೆ ನಿಂತು ನಿಂತು ಬರುತ್ತಿತ್ತು. ಅವಳು ಹಿತ್ತಲಿಗೆ ಬಂದು ಕುಳಿತಾಗ ಬೇಲಿಯಾಚೆ ಆಂಟಿಯೂ ಒಂದು ಕುರ್ಚಿ ಹಾಕಿಕೊಂಡು ಕುಳಿತರು. ದಿನವಿಡೀ ಕುಳಿತರು. ಎದ್ದು ಹೋಗುವಾಗ ಹೇಳಿದರು: "ನಿಮ್ಮಪ್ಪನ ಮಣ್ಣಿಗೆ ಹೋಗೋಕೆ ನಿನಗೆ ಆಗ್ಲಿಲ್ಲ. ನನ್ನ ಮಣ್ಣಿಗೆ ಬಾ. ನದಿ ಹತ್ತಿರ, ನಮ್ಮೂರಿಗೆ. ನಿನ್ನ ಬಿಟ್ಟು ನನ್ನನ್ನ ಇಡಬಾರದು ಅಂತ ಹೇಳಿಟ್ಟಿರ್ತೀನಿ."

ಅಪ್ಪನ ಫೋಟೋಕ್ಕೆ ಗಂಧದ ಹಾರ ಹಾಕಿ ಚಂದ್ರಪ್ರಭಾ ಹಾಲಿನಲ್ಲಿ ತೂಗುಹಾಕಿದಳು. ಆಂಟಿ ಚಹಾಕ್ಕೆ ಬಂದಾಗ ಆ ಗೋಡೆಗೆ ಬೆನ್ನು ಮಾಡಿಯೇ ಕೂರುತ್ತಿದ್ದರು. ಅವರನ್ನು ಹೀಗೆ ಎದುರಿಗೆ ಇಟ್ಟುಕೊಂಡಿರುವುದು ನಿಮ್ಮಲ್ಲಿ ಸರಿಯೇ ಎಂದು ಒಮ್ಮೆ ಕೇಳಿದ್ದರು. ಇಲ್ಲದಿದ್ದರೆ ನೆನೆಯುವುದು ಹೇಗೆ ಎಂದು ಇವಳು ನಕ್ಕಿದ್ದಳು. ಆಂಟಿ ತಲೆಯಾಡಿಸಿ, ನಿಪ್ಪಟ್ಟು ಮುರಿದು ಚಹಾಕ್ಕೆ ಅದ್ದಿದ್ದರು. ಅಲ್ಲಿಯ ಟಿವಿಯಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಒಂದು ಎಚ್ಚರಿಕೆ ಬರುತ್ತದೆ: ಮೂಲ ನಿವಾಸಿಗಳು ಗಮನಿಸಿ, ಇದರಲ್ಲಿ ತೀರಿಕೊಂಡವರ ಚಿತ್ರ ಮತ್ತು ದನಿ ಇರಬಹುದು ಎಂದು. ಇಷ್ಟು ವರ್ಷದಲ್ಲಿ ಚಂದ್ರಪ್ರಭಾ ಅದನ್ನು ನೂರಾರು ಸಲ ಓದಿದ್ದಳು. ನಮ್ಮೂರ ಥಿಯೇಟರಿನಲ್ಲಿ ಸಿಗರೇಟಿನ ಎಚ್ಚರಿಕೆಯನ್ನು ಯಾರು ಎಷ್ಟು ಮನಸ್ಸಿಟ್ಟು ನೋಡುತ್ತಾರೋ ಅಷ್ಟೇ ಮನಸ್ಸಿಟ್ಟು ಓದಿದ್ದಳು.

ಆಂಟಿಗೆ ಕಿಡ್ನಿಯ ಕಾಯಿಲೆ. ಈ ವರ್ಷ ಚಳಿ ಶುರುವಾಗುವ ಹೊತ್ತಿಗೆ ಸಿಡ್ನಿಯದೇ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಶಾರ್ಲೀನ್ ಫೋನಿನಲ್ಲಿ ಹೇಳಿದಳು, ಮಣ್ಣು ಮಾಡುವುದು ಮುಂದಿನ ತಿಂಗಳು, ದೂರ ದೂರದಿಂದ ಜನ ಬರಬೇಕು ಎಂದು. ಸತ್ತ ದಿನವೇ ಎತ್ತಿಬಿಡುವ ಕಡೆಯಿಂದ ಬಂದ ಚಂದ್ರಪ್ರಭಾಗೆ ಅಷ್ಟು ದಿನವೇ ಎಂದು ಆಶ್ಚರ್ಯವಾಯಿತು. ಆದರೆ ಮುಂದಿನ ಮಾತು ಕೇಳಿ ಕಣ್ಣು ತುಂಬಿತು. ನೀನು ಬರಬೇಕೆಂದು ಅಮ್ಮ ಹೇಳಿದ್ದಾಳೆ, ನಮ್ಮ ಕಾರಿನಲ್ಲೇ ಬಾ ಎಂದಿದ್ದಳು ಶಾರ್ಲೀನ್. ಅಪ್ಪನಿಗೆ ಹಿಡಿ ಮಣ್ಣು ಹಾಕಲಾಗದ ಕೈಗೆ ಆಂಟಿಗಾದರೂ ಹಾಕುವ ಭಾಗ್ಯ ಸಿಕ್ಕಿತೆಂದು ಅವಳು ಸಂಪತ್‌ನ ಮುಂದೆ ಬಾಯಿಬಿಟ್ಟು ಹೇಳಿ ಅತ್ತಳು.

ಆ ನಡುವೆ ಮೆಲ್ಬರ್ನಿನ ಟೂರ್ನಮೆಂಟು ಬಂತು. ಅಲ್ಲಿನ ಒಂದು ಕನ್ನಡ ಬಳಗ ಪ್ರತಿ ವರ್ಷ ನಡೆಸುವ ಥ್ರೋಬಾಲ್ ಪಂದ್ಯ, ಈ ಸಲ ವಿಂಡಮ್ ವೇಲಿನ ಒಂದು ಹಾಲಿನಲ್ಲೇ. ಚಂದ್ರಪ್ರಭಾ ಶಾರ್ಲೀನ್‌ಗೆ ಫೋನು ಮಾಡಿ, ಆಂಟಿಯ ಹಕ್ಕಿಯನ್ನು ಧರಿಸಿ ಆಡಬಹುದೇ ಎಂದು ಕೇಳಿದಳು. ಅಮ್ಮ ಕೊಟ್ಟದ್ದಲ್ಲವೇ, ಹಾಕಿಕೊಳ್ಳಿ ಎಂದಳು ಅವಳು. ನೀನೂ ಬಾ ಎಂದು ಕರೆದಾಗ ಸ್ವಲ್ಪ ತಡೆದು, ಹಕ್ಕಿಯನ್ನು ನೋಡಿಕೊಂಡು ಹೋಗುತ್ತೇನೆ ಎಂದು ಒಪ್ಪಿದಳು. ಒಪ್ಪಿಗೆ ಕೇಳಿದ್ದು ಹಕ್ಕಿಗೆ, ಸಿಕ್ಕಿದ್ದೂ ಹಕ್ಕಿಗೆ. ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಬರೀ ಹಕ್ಕಿ ಸಾಕೇ ಎಂದು ಅವಳಿಗೆ ಅನ್ನಿಸತೊಡಗಿತು. ನಮ್ಮಲ್ಲಿ ಸತ್ತವರಿಗೆ ಫ್ಲೆಕ್ಸ್ ಹಾಕದಿದ್ದರೆ ಅವರು ಸತ್ತ ಲೆಕ್ಕಕ್ಕೂ ಬರುವುದಿಲ್ಲ. ಸರ್ಕಲ್ಲಿನಲ್ಲಿ ಮುಖ ಬೇಕು, ಮುಖದ ಸುತ್ತ ಹೂವು ಬೇಕು, ಕೆಳಗೆ 'ಮತ್ತೆ ಹುಟ್ಟಿ ಬನ್ನಿ' ಎಂದಿರಬೇಕು. ಶ್ರೀಕಂಠಯ್ಯನವರಿಗೂ ಹಳೆಯ ವಿದ್ಯಾರ್ಥಿಗಳು ತಿಪಟೂರಿನಲ್ಲಿ ಹಾಕಿಸಿದ್ದರು. ದೂರದಲ್ಲಿದ್ದ ಮಗಳಿಗೆ ಅಪ್ಪ ಸತ್ತದ್ದು ನಿಜವೆನ್ನಿಸಿದ್ದು, ಅಪ್ಪನಿಗೆ ಮರ್ಯಾದೆ ಸಂದಿತು ಎನ್ನಿಸಿದ್ದು ಆ ಫ್ಲೆಕ್ಸಿನ ಫೋಟೋ ಬಂದ ಮೇಲೆಯೇ. ಅದಕ್ಕಿಂತ ದೊಡ್ಡ ಗೌರವ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಅತಿ ದೊಡ್ಡದನ್ನೇ ಅವಳು ಆಂಟಿಗೆ ಮಾಡಹೊರಟಳು.

ಅವಳ ಫೋನಿನಲ್ಲಿ ಆಂಟಿಯ ಒಂದು ಫೋಟೋ ಇತ್ತು. ಬೇಲಿಯ ಮೇಲೆ ಚಹಾದ ಲೋಟ, ಬಾಯಿತುಂಬ ನಗು. ತೆಗೆದಾಗ ಆಂಟಿ ಬೆರಳು ತೋರಿಸಿ, ಇದು ನಿನಗೆ ಮಾತ್ರ ಎಂದಿದ್ದರು. ಅದನ್ನು ಚಂದ್ರಪ್ರಭಾ ತಾನಾಗಿ ನಿವೇದಿತಾಳಿಗೆ ಕಳಿಸಿದಳು. ಹಕ್ಕಿ ಬೆನ್ನಿಗೆ ಹೋಯಿತು, ಎದೆಗೆ ಆಂಟಿಯ ಮುಖ ಬಂತು, ಮುಖದ ಕೆಳಗೆ ಪೂರ್ತಿ ಹೆಸರು. ಆಳೆತ್ತರದ ಫ್ಲೆಕ್ಸೂ ಆಯಿತು. ಶಾರ್ಲೀನ್‌ಗೆ ಇದು ಸರ್ಪ್ರೈಸ್ ಆಗಿರಲಿ ಎಂದು ನಿವೇದಿತಾ ಅಂದಳು, ಚಂದ್ರಪ್ರಭಾ ಹೂಂ ಅಂದಳು. ಗಣಪತಿಯನ್ನು ಮಾಡಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಇವರು ಮಾಡಿದ್ದು ಅದಕ್ಕಿಂತ ಕೆಟ್ಟದ್ದು.

ಪಂದ್ಯದ ದಿನ ಶಾರ್ಲೀನ್ ಒಬ್ಬಳೇ ಬಂದಳು. ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತರು. ಪೇಟ ಕಿವಿಯ ತನಕ ಇಳಿದಿತ್ತು, ಅವಳು ಸಂಕೋಚದಿಂದ ನಗುತ್ತಿದ್ದಳು. ಬಳಗದ ಅಧ್ಯಕ್ಷರು ಅಲ್ಲಿಯ ಪದ್ಧತಿಯಂತೆ, ಈ ನೆಲದ ಮೂಲ ಒಡೆಯರಿಗೂ ಅವರ ಹಿರಿಯರಿಗೂ ನಮ್ಮ ಗೌರವ ಎಂದು ಪರದೆಯ ಮೇಲಿದ್ದ ಇಂಗ್ಲಿಷನ್ನು ಗಡಿಬಿಡಿಯಲ್ಲಿ ಓದಿ ಮುಗಿಸಿದರು. ಅವರು ಮೈಕು ಇಡುವುದೇ ತಡ, ನಿವೇದಿತಾ ಅದನ್ನು ಎತ್ತಿಕೊಂಡು ಆಂಟಿಯ ಹೆಸರನ್ನು ಕೂಗಿದಳು. ಜೈಕಾರಕ್ಕೆ ಕೂಗುವ ಹಾಗೆ ಮತ್ತೆ ಮತ್ತೆ ಕೂಗಿದಳು. ವೇದಿಕೆಯ ಮೇಲಿನ ಬಟ್ಟೆ ಸರಿಯಿತು. ಬೇಲಿಗಿಂತ ಎತ್ತರಕ್ಕೆ ಆಂಟಿ ನಗುತ್ತ ನಿಂತಿದ್ದರು, ಕೊರಳಿಗೆ ಸೇವಂತಿಗೆ ಹಾರ, ಕಾಲ ಬಳಿ ದೀಪ. ಅದೇ ಹೊತ್ತಿಗೆ ಟೂಂಗಾಬಿಯ ಹೆಂಗಸರು ಎದೆಯ ಮೇಲೆ ಅದೇ ಮುಖ ಹೊತ್ತು ಚಪ್ಪಾಳೆಯ ನಡುವೆ ಓಡಿಬಂದರು.

ಎಲ್ಲರಿಗಿಂತ ಮುಂದೆ ಓಡಿದವಳು ಚಂದ್ರಪ್ರಭಾ. ಶಾರ್ಲೀನ್‌ಳ ಕಣ್ಣಲ್ಲಿ ನೀರು ಕಾಣಬೇಕೆಂದು ಅವಳ ಆಸೆ. ಆದರೆ ಶಾರ್ಲೀನ್ ನೋಡುತ್ತಲೇ ಇರಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಗ್ಗಿದ್ದಳು. ಅವಳು ಅಳುತ್ತಿದ್ದಾಳೆ ಎಂದು ತಿಳಿದು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು, ಫೋನುಗಳು ಮೇಲೆದ್ದವು. ಅವಳು ಮುಖದಿಂದ ಕೈ ತೆಗೆಯದೆಯೇ ಎದ್ದು, ಕುರ್ಚಿಗಳಿಗೆ ಎಡವುತ್ತ ಬಾಗಿಲ ಕಡೆ ನಡೆದಳು. ಪೇಟ ಬಾಗಿಲ ಬಳಿ ಬಿದ್ದಿತ್ತು. ಚಂದ್ರಪ್ರಭಾ ಅದನ್ನು ಎತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಕಾರು ಹೋಗಿಯಾಗಿತ್ತು.

ಆಟ ನಡೆಯಿತು, ಟೂಂಗಾಬಿ ಗೆದ್ದೂ ಗೆದ್ದಿತು. ಮರುದಿನ ಬೆಳಿಗ್ಗೆ ಚಂದ್ರಪ್ರಭಾ ಸಂಪತ್‌ನನ್ನು ಕಾರಿನಲ್ಲೇ ಕೂರಿಸಿ ಶಾರ್ಲೀನ್‌ಳ ಮನೆಯ ಬಾಗಿಲು ತಟ್ಟಿದಳು. ಹೊಸ ಬಡಾವಣೆಯ, ಇನ್ನೂ ಗಿಡ ಮೇಲೇಳದ ಅಂಗಳ. ಶಾರ್ಲೀನ್ ಹೊರಗೆ ಬಂದು ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡಳು. ಒಳಗೆ ಬಾ ಎನ್ನಲಿಲ್ಲ.

ಅವಳು ಕೂಗಾಡಲಿಲ್ಲ. ಮೊಂಡು ಹುಡುಗರಿಗೆ ಔಷಧಿಯ ವಿಷಯ ಹೇಳುವ ನರ್ಸಿನ ದನಿಯಲ್ಲೇ ಹೇಳಿದಳು. ನಮ್ಮ ಮನೆತನದಲ್ಲಿ ತೀರಿಕೊಂಡವರ ಹೆಸರು ಹೇಳುವುದಿಲ್ಲ. ಮುಖ ತೋರಿಸುವುದಿಲ್ಲ. ಮನೆಯಲ್ಲಿದ್ದ ಫೋಟೋಗಳನ್ನೆಲ್ಲ ನಾವು ತೆಗೆದಿಟ್ಟಿದ್ದೇವೆ, ನನ್ನ ಫೋನಿನಲ್ಲೂ ಮುಚ್ಚಿಟ್ಟಿದ್ದೇನೆ. ಹೋಗುವವರನ್ನು ಹೋಗಲು ಬಿಡಬೇಕು, ಕರೆದು ನಿಲ್ಲಿಸಬಾರದು.

"ನಿಮ್ಮವರು ಆ ವಿಡಿಯೋ ಹಾಕಿದ್ದಾರೆ. ಅಮ್ಮನ ತಂಗಿಯರ ತನಕ ಹೋಗಿದೆ. ಫೋಟೋ ಯಾರು ಕೊಟ್ಟರು ಅಂತ ಕೇಳ್ತಿದ್ದಾರೆ. ಅಮ್ಮನ ಸ್ನೇಹಿತೆ ಅಂತ ನಾನು ಹೇಗೆ ಹೇಳಲಿ?"

ಗೊತ್ತಿರಲಿಲ್ಲ ಎಂದಳು ಚಂದ್ರಪ್ರಭಾ. ಅದು ನಿಜವೂ ಹೌದು, ಆ ಬಾಗಿಲಲ್ಲಿ ಅದಕ್ಕೆ ಮೂರು ಕಾಸಿನ ಬೆಲೆಯೂ ಇರಲಿಲ್ಲ. ಶಾರ್ಲೀನ್ ತಲೆಯಾಡಿಸಿದಳು.

"ಗೊತ್ತು, ನೀನು ಪ್ರೀತಿಯಿಂದಲೇ ಮಾಡಿದ್ದು. ನಿನ್ನನ್ನ ಬಯ್ಯೋಕೆ ನನಗೆ ಶಕ್ತಿ ಇಲ್ಲ. ಆದ್ರೆ ಮಣ್ಣಿಗೆ ಬರಬೇಡ. ನೀನು ಬಂದ್ರೆ ಅವಳ ತಂಗಿಯರು ಬರಲ್ಲ. ಹಕ್ಕಿನೂ ತೆಗೆದುಬಿಡಿ."

ಚಂದ್ರಪ್ರಭಾಳ ಕೈಯಲ್ಲಿ ಆ ಪೇಟ ಇನ್ನೂ ಇತ್ತು. ಅದನ್ನು ಕೊಡಬೇಕೋ ಬೇಡವೋ ಎಂದು ತಿಳಿಯದೆ ನಿಂತಿದ್ದಾಗ ಬಾಗಿಲು ಮುಚ್ಚಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಅವರ ಕಾಲದಲ್ಲಿ ವಾಟ್ಸಾಪ್ ಇರಲಿಲ್ಲ. ಸಿಡ್ನಿಗೆ ಹಿಂತಿರುಗುವ ಇಡೀ ದಾರಿ ಚಂದ್ರಪ್ರಭಾ ಫೋನು ಹಿಡಿದು ಒಬ್ಬೊಬ್ಬರನ್ನೇ ಬೇಡಿಕೊಂಡಳು. ವಿಡಿಯೋ ತೆಗೆಯಿರಿ, ಹೆಸರು ಅಳಿಸಿ, ಫೋಟೋ ಯಾರಿಗೂ ಕಳಿಸಬೇಡಿ. ಕೆಲವರು ತೆಗೆದರು. ಕೆಲವರು, ಇಷ್ಟು ಚೆನ್ನಾಗಿ ಬಂದಿದೆಯಲ್ಲ ಯಾಕೆ ಎಂದು ಕೇಳಿದರು. ಅಷ್ಟರಲ್ಲಿ ಅದು ಬೆಂಗಳೂರು ತಲುಪಿತ್ತು. ಒಂದು ಸುದ್ದಿ ಪೇಜು 'ಆಸ್ಟ್ರೇಲಿಯಾದ ಆದಿವಾಸಿ ತಾಯಿಗೆ ಕನ್ನಡತಿಯರ ನಮನ' ಎಂದು ಹಾಕಿತ್ತು, ಮುಖದ ಸುತ್ತ ಹೂವಿನ ಚೌಕಟ್ಟು ಕೂಡಿಸಿ. ಅದರ ಕೆಳಗೆ ಓಂ ಶಾಂತಿ ಎಂದು ಬರೆದವರ ಸಾಲು ಬೆಳೆಯುತ್ತಲೇ ಇತ್ತು, ಪ್ರತಿಯೊಬ್ಬರೂ ಹೆಸರು ಹಿಡಿದು ಬರೆದಿದ್ದರು. ತಿಪಟೂರಿನಿಂದ ಅಪ್ಪನ ಶಿಷ್ಯ ಸಿದ್ದಲಿಂಗಪ್ಪ ಫೋನು ಮಾಡಿ, ಮೇಷ್ಟ್ರ ಮಗಳು ಮೇಷ್ಟ್ರ ಹೆಸರು ಉಳಿಸಿದಳು ಎಂದು ಗದ್ಗದಿತನಾದ.

ಜರ್ಸಿಗಳನ್ನೆಲ್ಲ ಅವಳು ವಾಪಸು ಪಡೆದಳು. ಬೆವರಿನಲ್ಲಿ ನೆಂದು ಮುದ್ದೆಯಾಗಿದ್ದವು. ಮಶೀನಿಗೆ ಹಾಕಿದರೆ ಆ ಮುಖ ತಿರುಚಿ ತಿರುಚಿ ಸುತ್ತುತ್ತದೆ. ಕಸಕ್ಕೆ ಹಾಕುವುದು ಸಾಧ್ಯವೇ ಇಲ್ಲ. ದಾನಕ್ಕೆ ಕೊಟ್ಟರೆ ಯಾರದೋ ಎದೆಯ ಮೇಲೆ ಆಂಟಿ ರೈಲು ಹತ್ತಿ ಊರು ತಿರುಗುತ್ತಾರೆ. ಸುಟ್ಟುಬಿಡು ಎಂದ ಸಂಪತ್, ಹೇಳಿದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಶಾರ್ಲೀನ್‌ಗೆ ಮೆಸೇಜ್ ಮಾಡಿ, ಇವುಗಳನ್ನು ನಿಮ್ಮಲ್ಲಿ ಏನು ಮಾಡುತ್ತಾರೆ ಎಂದು ಕೇಳಿದಳು. ಎಷ್ಟೋ ದಿನದ ಮೇಲೆ ಉತ್ತರ ಬಂತು. ಗೊತ್ತಿಲ್ಲ, ನಮ್ಮಲ್ಲಿ ಯಾರೂ ಹೀಗೆ ಮಾಡಿದ್ದಿಲ್ಲ ಎಂದಿತ್ತು. ಚಂದ್ರಪ್ರಭಾ ಕೈಯಲ್ಲೇ ಒಂದೊಂದಾಗಿ ಅದ್ದಿ ತೆಗೆದು, ಹಿಂಡದೆ ಒಣಗಿಸಿ, ಮುಖ ಒಳಗಾಗುವಂತೆ ಮಡಿಸಿ, ಬೀರುವಿನ ತಳದಲ್ಲಿಟ್ಟಳು. ಈಗಲೂ ಅಲ್ಲೇ ಇವೆ.

ಆಂಟಿ ನದಿಯ ಬಳಿ ಮಣ್ಣಾದ ದಿನ ಅವಳು ರಜೆ ಹಾಕಿ ಮನೆಯಲ್ಲಿದ್ದಳು. ತಿಪಟೂರಿನ ಕಡೆ ಹಿರಿಯರಿಗೆ ಎಡೆ ಇಡುವ ಪದ್ಧತಿ. ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ, ಬಾಳೆ ಎಲೆಯ ಮೇಲೆ ಬಡಿಸಿ, ಫೋಟೋದ ಮುಂದಿಟ್ಟು, ಧೂಪ ಹಾಕಿ, ಹೆಸರು ಹಿಡಿದು ಉಣ್ಣಲು ಕರೆಯುತ್ತಾರೆ. ಅವಳು ನಿಪ್ಪಟ್ಟು ಕರಿದಳು, ಚಹಾ ಮಾಡಿದಳು, ಹಿತ್ತಲಲ್ಲಿ ಎಲೆ ಹಾಸಿದಳು. ಎಲೆಯ ಮುಂದೆ ಇಡಲು ಫೋಟೋ ಫೋನಿನಲ್ಲಿ ಇತ್ತು. ಇದ್ದರೂ ಇಡುವಂತಿರಲಿಲ್ಲ. ಕರೆಯಲೆಂದು ಬಾಯಿ ತೆರೆದಳು, ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು. ಕರೆದರೆ ಆಂಟಿಯ ದಾರಿಗೆ ಅಡ್ಡ, ಕರೆಯದಿದ್ದರೆ ಯಾರಿಗಿಟ್ಟ ಎಡೆ ಇದು? ಬಾಯಿ ಮುಚ್ಚಿಕೊಂಡು ಅಲ್ಲೇ ಕುಳಿತಳು. ಬೇಲಿಯಾಚೆ ಕುರ್ಚಿ ಹಾಕಿಕೊಂಡು ಕೂರುವವರು ಈ ಸಲ ಯಾರೂ ಇರಲಿಲ್ಲ. ಚಹಾ ಆರಿ ಕೆನೆಗಟ್ಟಿತು. ಇಬ್ಬರ ಮಣ್ಣೂ ತಪ್ಪಿತು ಎಂದು ಅವಳು ಸಂಪತ್‌ಗೆ ಹೇಳಿದ್ದು ಸಂಜೆಗೆ, ಅದೂ ಅವನು ಕೇಳಿದ್ದಕ್ಕೆ. ಮೊದಲನೆಯದಕ್ಕೆ ಕೊರೊನಾವನ್ನು ಬಯ್ಯಬಹುದಿತ್ತು.

ತಂಡದ ಮೀಟಿಂಗು ಆಯಿತು. ಹಕ್ಕಿ ಹೋಯಿತು, ಮುಖ ಹೋಯಿತು, ಇನ್ನು ಏನು ಎಂಬ ಪ್ರಶ್ನೆ ಬಂತು. ಬರೀ ಹೆಸರು ಬರೆದುಕೊಂಡು ಆಡೋಣ ಎಂದಳು ಚಂದ್ರಪ್ರಭಾ. ಬೋಳು ಜರ್ಸಿ ಯಾರಿಗೂ ಬೇಡವಾಗಿತ್ತು. ನಿವೇದಿತಾ ಕೆಟ್ಟವಳಲ್ಲ, ಆ ಪಂದ್ಯದ ದಿನದಿಂದ ಅವಳಿಗೂ ಅನ್ನ ಸರಿಯಾಗಿ ಸೇರುತ್ತಿರಲಿಲ್ಲ. ಹೆದರಿದ್ದಳು, ಇನ್ನೊಂದು ತಪ್ಪು ಆಗಬಾರದು ಎಂದಷ್ಟೇ ಅವಳ ಆಸೆ. ಅವಳು ಮೆಲ್ಲಗೆ ಹೇಳಿದಳು: "ಹಳೇ ವಾರಿಯರ್ ಲೋಗೋನೇ ಹಾಕೋಣ ಕಣೇ. ಅವನು ಯಾರೂ ಅಲ್ಲ ಅಂತ ಅವರೇ ಹೇಳಿದ್ರಲ್ಲ. ಅವನ ಮನೆಯವರು ಅಂತ ಯಾರೂ ಬಂದು ಅಳಲ್ಲ."

ಕೈಯೆತ್ತಿದರು, ಗೆದ್ದಿತು. ಈಟಿ ಹಿಡಿದ ಮನುಷ್ಯ ಮತ್ತೆ ಎದೆಗಳ ಮೇಲೆ ಹತ್ತಿದ. ಚಂದ್ರಪ್ರಭಾ ವಾದಿಸಲಿಲ್ಲ. ವಾದಿಸುವ ಯೋಗ್ಯತೆ ತನಗೆ ಉಳಿದಿಲ್ಲ ಎನ್ನಿಸಿತು. ನೆಟ್ಟು, ಚೆಂಡು, ವಿಸಲ್ಲು ಎಲ್ಲವನ್ನೂ ನಿವೇದಿತಾಳ ಮನೆಗೆ ಮುಟ್ಟಿಸಿ ಬಂದಳು. ಆಮೇಲೆ ಶನಿವಾರಗಳಲ್ಲಿ ಆ ಮೈದಾನದ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟಳು.

ಆಂಟಿಯದು ಸರ್ಕಾರದ ಮನೆ. ಯಾರೋ ಬಂದು ಸಾಮಾನು ತೆಗೆದರು, ಯಾರೋ ಬಂದು ಗೋಡೆಗೆ ಬಣ್ಣ ಹೊಡೆದರು. ಅದನ್ನು ಮಾರಿದರು, ಕೊಂಡವರು ರೆಂಟಿಗೆ ಬಿಟ್ಟರು. ವಸಂತ ಬರುವ ಹೊತ್ತಿಗೆ ಚಿನ್ಮಯಿ ಎಂಬ ಶಿವಮೊಗ್ಗದ ಹುಡುಗಿ ಗಂಡನೊಂದಿಗೆ ಬಂದಿಳಿದಳು. ದೇಶಕ್ಕೇ ಹೊಸಬಳು, ಬೇಲಿಯಾಚೆ ಕನ್ನಡ ಕೇಳಿ ಅವಳಿಗೆ ಹೋದ ಜೀವ ಬಂದಂತಾಗಿತ್ತು. ಬೇಲಿಗೆ ಮೊಣಕೈ ಊರಿ, ಆಂಟಿ ಊರುತ್ತಿದ್ದ ಜಾಗದಲ್ಲೇ, ಹಾಲು ಎಲ್ಲಿ ಸಿಗುತ್ತದೆ ಮೊಸರಿಗೆ ಯಾವುದು ಒಳ್ಳೆಯದು ಎಂದೆಲ್ಲ ಕೇಳಿದಳು. ಚಂದ್ರಪ್ರಭಾ ಬಟ್ಟೆ ಒಣಹಾಕುತ್ತ ಎಲ್ಲದಕ್ಕೂ ಉತ್ತರ ಕೊಟ್ಟಳು. ಎಷ್ಟೋ ತಿಂಗಳ ಮೇಲೆ ಬೇಲಿಯ ಬಳಿ ಒಂದು ದನಿ ಕೇಳಿ ಅವಳಿಗೂ ಹಿತವಾಗಿತ್ತು.

ಹುಡುಗಿ ಇವಳನ್ನೇ ದಿಟ್ಟಿಸಿ ನೋಡುತ್ತ ನಿಂತಳು. ಆಮೇಲೆ ಅವಳ ಮುಖ ಅರಳಿತು.

"ಆಂಟಿ, ನೀವು ಥ್ರೋಬಾಲ್ ಕ್ಯಾಪ್ಟನ್ ಅಲ್ವಾ? ಬೆಂಗಳೂರಲ್ಲಿದ್ದಾಗ್ಲೇ ನಿಮ್ಮ ವಿಡಿಯೋ ನೋಡಿದ್ದೆ. ನಮ್ಮಮ್ಮ ಅತ್ತೇಬಿಟ್ರು."

ಬೇಡ ಎನ್ನುವಷ್ಟರಲ್ಲಿ ಅವಳು ಹೆಸರು ಹೇಳಿಯಾಗಿತ್ತು. ಪೂರ್ತಿ ಹೆಸರು, ಕೊನೆಗೆ ಭಕ್ತಿಯಿಂದ ಒಂದು ಅಮ್ಮ ಸೇರಿಸಿ. ಆ ಹಿತ್ತಲಲ್ಲಿ, ಆ ಬೇಲಿಯ ಮೇಲಿಂದ. ಅವರು ಎಲ್ಲಿದ್ದರು ಎಂದು ಅವಳು ಕೇಳಿದಳು. ಚಂದ್ರಪ್ರಭಾ ಅವಳ ಬೆನ್ನ ಹಿಂದಿನ ಮನೆಯನ್ನು ನೋಡಿದಳು. ಹುಡುಗಿ ತಿರುಗಿ ನೋಡಿ, ಅರ್ಥವಾಗಿ, ತನ್ನ ಭಾಗ್ಯವನ್ನು ತಾನೇ ನಂಬಲಾರದೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಒಂದು ನಿಮಿಷ ಎಂದು ಒಳಗೆ ಓಡಿದಳು.

ಹಿಂತಿರುಗಿದಾಗ ಕೈಯಲ್ಲಿ ಫೋನಿತ್ತು. ಸುದ್ದಿ ಪೇಜಿನ ಹೂವಿನ ಚೌಕಟ್ಟಿನೊಳಗೆ ಆಂಟಿ ಬಾಯಿತುಂಬ ನಗುತ್ತಿದ್ದರು, ಬೇಲಿಯ ಬಳಿ 'ನಿನಗೆ ಮಾತ್ರ' ಎಂದು ಕೊಟ್ಟಿದ್ದ ಅದೇ ನಗು. ಇದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹಾಲಿನಲ್ಲಿ ಇಟ್ಟುಕೊಳ್ಳುತ್ತೇವೆ, ಅವರು ಬಾಳಿದ ಮನೆಯಲ್ಲವೇ, ದಿನಾ ಒಂದು ದೀಪ ಹಚ್ಚುತ್ತೇನೆ ಎಂದಳು ಚಿನ್ಮಯಿ. ಅವಳ ಕಣ್ಣಲ್ಲಿ ನಿಜವಾದ ನೀರಿತ್ತು.

ಚಂದ್ರಪ್ರಭಾ ಹೇಳತೊಡಗಿದಳು, ಹಾಗೆ ಮಾಡಬಾರದಮ್ಮ, ಅವರಲ್ಲಿ ಹೆಸರು ಹೇಳುವುದಿಲ್ಲ, ಮುಖ ತೋರಿಸುವುದಿಲ್ಲ ಎಂದು. ಹುಡುಗಿ ತಲೆಯಾಡಿಸುತ್ತ ಮರ್ಯಾದೆಯಿಂದ ಕೇಳಿಸಿಕೊಂಡಳು. ಎಲ್ಲ ಕೇಳಿದ ಮೇಲೆ, ಆಶ್ಚರ್ಯದಿಂದ, ಒಂದೇ ಒಂದು ಮಾತು ಕೇಳಿದಳು:

"ಮತ್ತೆ ನೀವೇ ಹಾಕಿದ್ರಲ್ಲ ಆಂಟಿ?"